ಇಳಿದ ಚೀಟಿ

2024ರ ನವೆಂಬರ್ 11, ಸೋಮವಾರ. ಬೆಳಿಗ್ಗೆ 8.50ಕ್ಕೆ ಜಪಾನಿನ ಕುರೊತಾನಿ ಪೊಲೀಸ್ ಠಾಣೆಗೆ ಒಬ್ಬ ಭಾರತೀಯ ಬಂದ. ತನ್ನ ಹೆಂಡತಿ ಬೆಟ್ಟದಿಂದ ಇಳಿದಿಲ್ಲವೆಂದು ಪೊಲೀಸರು ಪದೇ ಪದೇ ಫೋನ್ ಮಾಡುತ್ತಿದ್ದಾರೆ, ಅದನ್ನು ನಿಲ್ಲಿಸಬೇಕು ಎಂಬುದು ಅವನ ದೂರು. ಹೆಸರು ಧೀರಜ್, ವಯಸ್ಸು ಮೂವತ್ತನಾಲ್ಕು, ವಾಸ ಸಗಮಿಹಾರಾ, ಸಾಫ್ಟ್‌ವೇರ್ ಕೆಲಸ. ಅವನ ಹೆಂಡತಿ ಪ್ರಣತಿ ಬೆಟ್ಟ ಹತ್ತಿ ಇಳಿಯದೆ ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು.

ಇನ್ಸ್‌ಪೆಕ್ಟರ್ ಹಯಾಸೆಗೆ ಆ ಹೆಸರು ಮರೆತಿರಲಿಲ್ಲ. ಕಳೆದ ವರ್ಷ ಏಳು ದಿನ ಹುಡುಕಿಸಿದವನೂ ಅವನೇ, ಎಂಟನೆಯ ದಿನ ಹುಡುಕಾಟ ನಿಲ್ಲಿಸಿ ಸಹಿ ಹಾಕಿದವನೂ ಅವನೇ. ಪೊಲೀಸ್ ಇಲಾಖೆಯ ದುಭಾಷಿ ವಸುಧಾಳನ್ನು ಅವನು ಕರೆಸಿಕೊಂಡ. ಮೈಸೂರಿನ ಹೆಂಗಸು, ಜಪಾನಿಗೆ ಬಂದು ಹದಿನೆಂಟು ವರ್ಷ. ದುಭಾಷಿ ತನ್ನದೊಂದು ಮಾತನ್ನೂ ಸೇರಿಸುವಂತಿಲ್ಲ ಎಂಬ ನಿಯಮವನ್ನು ಅವಳು ಅಲ್ಲಿಯವರೆಗೆ ಮುರಿದಿರಲಿಲ್ಲ.

"ಎಷ್ಟು ಸಲ ಫೋನ್ ಬಂತು?" ಹಯಾಸೆ ಕೇಳಿದ.

"ಮೂರು ಸಲ. ಸೆಪ್ಟೆಂಬರ್, ಅಕ್ಟೋಬರ್, ಮೊನ್ನೆ ಶನಿವಾರ."

"ಮೊದಲ ಸಲವೇ ಇಲ್ಲಿಗೆ ಯಾಕೆ ಬರಲಿಲ್ಲ?"

"ಹಳೇ ಪೇಪರ್ ಎಲ್ಲೋ ಮಿಕ್ಸ್ ಆಗಿದೆ ಅನ್ಕೊಂಡೆ. ಫೋನ್ ಮಾಡಿದ್ದ ಬೆಟ್ಟದ ಹೊರಠಾಣೆಯವರಿಗೂ ಹಾಗೇ ಹೇಳ್ದೆ. ಅವ್ರು ಸುಮಿಮಾಸೆನ್, ಸಾರಿ ಅಂತ ಫೋನ್ ಇಟ್ಬಿಟ್ರು." ಧೀರಜ್ ವಸುಧಾಳ ಕಡೆ ತಿರುಗಿದ. "ಮೇಡಂ, ಫೋನ್ ಬಂದಾಗೆಲ್ಲ ಒಂದ್ ಸೆಕೆಂಡ್ ಅವ್ಳು ಬದುಕಿದಾಳೆ ಅನ್ಸುತ್ತೆ. ನಮ್ಮೋರೇ ಕೆಲವ್ರು ಅವ್ಳು ನನ್ನ ಬಿಟ್ಟು ಓಡಿಹೋದ್ಲು ಅಂತಾರೆ. ಹಾಗಾದ್ರೂ ಆಗಿರ್ಲಿ ಅಂತ ನಾನೇ ಬೇಡ್ಕೊಂಡಿದೀನಿ. ಎಲ್ಲಿದಾಳೆ ಅಂತ ಗೊತ್ತಾದ್ರೆ ಸಾಕು."

ವಸುಧಾ ಒಂದಕ್ಷರ ಬಿಡದೆ ಅದನ್ನು ಜಪಾನಿಗೆ ತಿರುಗಿಸಿದಳು. ಹಯಾಸೆ ದೂರು ದಾಖಲಿಸಿದ. ನಮ್ಮ ಕಡೆ ಎಫ್ಐಆರ್ ಅನ್ನುತ್ತೇವಲ್ಲ, ಅಂಥದ್ದೇ ಒಂದು ಕಾಗದ. ಸಮಯ 11.40.

ಕುರೊತಾನಿಯ ಕಣಿವೆಗೆ ಜನ ಬರುವುದು ಒಂದು ದಿನದ ಮಟ್ಟಿಗೆ. ಬೆಳಗಿನ ಬಸ್ಸಿಗೆ ಇಳಿದು, ಜಲಪಾತ ನೋಡಿ, ತೂಗುಸೇತುವೆ ದಾಟಿ, ಬುತ್ತಿ ಬಿಚ್ಚಿ ಉಂಡು, ಸಂಜೆಯ ಬಸ್ಸಿಗೆ ವಾಪಸ್. ಹತ್ತುವ ಮುನ್ನ ಹೆಸರು, ಹೋಗುವ ದಾರಿ, ಮರಳುವ ಸಮಯ, ಮನೆಯವರ ನಂಬರು ಬರೆದ ಚೀಟಿಯನ್ನು ಬಸ್ ನಿಲ್ದಾಣದ ಎರಡು ಡಬ್ಬಿಗಳಲ್ಲಿ ಮೇಲಿನದಕ್ಕೆ ಹಾಕಬೇಕು. ಇದು ಜಪಾನಿನಲ್ಲೆಲ್ಲ ಇರುವ ರೂಢಿ. ಇಳಿದ ಮೇಲೆ ಕೆಳಗಿನ ಡಬ್ಬಿಗೆ ಇನ್ನೊಂದು ಚೀಟಿ ಹಾಕಬೇಕು. ಇದು ಮಾತ್ರ ಹಯಾಸೆ ಹಟ ಹಿಡಿದು ತಂದ ಪದ್ಧತಿ, ಪ್ರಣತಿ ಕಾಣೆಯಾದ ಮೇಲೆ. ಸಂಜೆ ಎರಡೂ ಡಬ್ಬಿಯ ಚೀಟಿಗಳನ್ನು ಹೊರಠಾಣೆಯವರು ಜೋಡಿಸುತ್ತಾರೆ. ಜೋಡಿ ಸಿಗದಿದ್ದರೆ ಮನೆಯವರಿಗೆ ಫೋನ್ ಹೋಗುತ್ತದೆ.

ಮಧ್ಯಾಹ್ನ ಒಂದಕ್ಕೆ ಹಯಾಸೆ ಮತ್ತು ಕಾನ್‌ಸ್ಟೇಬಲ್ ನೊಗುಚಿ ಹೊರಠಾಣೆಯಲ್ಲಿ ಪಂಚನಾಮೆ ಮಾಡಿ ಮೂರು ಚೀಟಿಗಳನ್ನು ವಶಕ್ಕೆ ಪಡೆದರು. ಮೂರೂ ಆಯಾ ತಿಂಗಳ ಎರಡನೇ ಶನಿವಾರದವು; ಪ್ರಣತಿ ಕಾಣೆಯಾದದ್ದೂ ಅಂಥ ಶನಿವಾರವೇ. ಮೂರೂ ಟೈಪ್ ಮಾಡಿದವು. ಹೆಸರು ಪ್ರಣತಿ, ಒಬ್ಬರೇ, ಮರಳುವ ಸಮಯ 16.40. ಕಳೆದ ವರ್ಷ ಆರು ಜನರ ಗುಂಪು ಕೊಟ್ಟ ಅಸಲಿ ಚೀಟಿಯನ್ನು ನೊಗುಚಿ ಪಕ್ಕದಲ್ಲಿಟ್ಟ.

"ಅಲ್ಲೂ 16.40," ಎಂದ ನೊಗುಚಿ. "ಆದರೆ 16.40ರ ಬಸ್ಸು ಈಗ ಇಲ್ಲ. ಏಪ್ರಿಲ್‌ನಿಂದ ಸಂಜೆಯ ಬಸ್ಸು 16.25ಕ್ಕೆ. ಹಳೆಯ ಚೀಟಿಯ ಫೈಲನ್ನೇ ತಿದ್ದಿದ್ದಾರೆ."

ಹಯಾಸೆ ನೋಡುತ್ತಿದ್ದುದು ಬೇರೆ ಸಾಲನ್ನು. ಅಸಲಿ ಚೀಟಿಯಲ್ಲಿ ದಾರಿ: ಜಲಪಾತ, ತೂಗುಸೇತುವೆ, ಬಂದ ದಾರಿಯಲ್ಲೇ ವಾಪಸ್. ಹೊಸ ಮೂರರಲ್ಲೂ ದಾರಿ: ತೂಗುಸೇತುವೆ, ಅಲ್ಲಿಂದ ಸ್ಪೇನ್ ಹಳ್ಳಿ.

ಸ್ಪೇನ್ ಹಳ್ಳಿ ಇರುವುದು ಗುಡ್ಡದ ಆಚೆ ಮಗ್ಗುಲಲ್ಲಿ. ಮೂವತ್ತೈದು ವರ್ಷದ ಹಿಂದೆ, ಜಪಾನಿನ ಕೈಯಲ್ಲಿ ಹಣ ಕುಣಿಯುತ್ತಿದ್ದ ಕಾಲದಲ್ಲಿ, ಯಾರೋ ಸ್ಪೇನಿನ ಬೆಟ್ಟದ ಊರುಗಳನ್ನು ನೋಡಿಬಂದು ಅಂಥದ್ದೇ ಒಂದನ್ನು ಇಲ್ಲಿ ಕಟ್ಟಿಸಿದ್ದರು. ಸುಣ್ಣದ ಗೋಡೆ, ಕೆಂಪು ಹೆಂಚು, ಚೌಕದಲ್ಲಿ ಕಾರಂಜಿ, ತುದಿಯಲ್ಲಿ ಗಾಳಿಗಿರಣಿ. ಹತ್ತು ವರ್ಷ ಜನ ಬಂದರು, ಆಮೇಲೆ ಬೀಗ ಬಿತ್ತು. ಈಗ ಗೋಡೆಗಳ ಮೇಲೆ ಬಳ್ಳಿ ಹಬ್ಬಿದೆ, ಬೇಲಿಯ ಮೇಲೆ ಪ್ರವೇಶವಿಲ್ಲ ಎಂಬ ಫಲಕವಿದೆ, ಜಪಾನಿ ಭಾಷೆಯಲ್ಲಿ ಮಾತ್ರ. ಅತ್ತ ಗಾಳಿ ಬೀಸಿದಾಗ ಯಾರೋ ನಡೆದಂತೆ ಕೇಳಿಸುತ್ತದೆಂದು ಹೊರಠಾಣೆಯವರು ಆ ಕಡೆ ಗಸ್ತು ಹೋಗುವುದನ್ನೇ ಬಿಟ್ಟಿದ್ದರು. ಕಳೆದ ವರ್ಷ ಅಲ್ಲಿ ಹುಡುಕಿರಲಿಲ್ಲ. ಚೀಟಿಯಲ್ಲಿ ಇರಲಿಲ್ಲವಲ್ಲ.

ಸಂಜೆ 4.30ಕ್ಕೆ ವಸುಧಾ ಹಳೆಯ ಗುಂಪಿನ ನಿಧಿ ಎಂಬವಳಿಗೆ ಫೋನ್ ಮಾಡಿದಳು. ನಿಧಿ ಈಗ ನಗೋಯಾದಲ್ಲಿದ್ದಳು.

"ಚೀಟಿ ಬರೆಯುತ್ತಿದ್ದವರು ಯಾರು?"

"ಅನಂತಮೂರ್ತಿ ಸರ್, ನಮ್ಮ ಗುಂಪನ್ನ ಕರ್ಕೊಂಡು ಹೋಗ್ತಿದ್ದೋರು. ಶುಕ್ರವಾರನೇ ಮನೇಲಿ ಟೈಪ್ ಮಾಡಿ, ಎಲ್ರ ಹೆಸ್ರೂ ಹಾಕಿ ತರ್ತಿದ್ರು. ನಾವ್ಯಾರೂ ಓದ್ತಿರ್ಲಿಲ್ಲ. ಅದೊಂದು ಫಾರ್ಮಾಲಿಟಿ ಅಲ್ವಾ?"

"ಪ್ರಣತಿ ಯಾವ ಕಡೆ ಇಳಿದರು?"

"ನಾವು ಮುಂದೆ ಇದ್ವಿ, ನೋಡ್ಲಿಲ್ಲ. ಅವ್ಳಿಗೆ ಮಂಡಿ ನೋವು ಬಂದಿತ್ತು. ಬಂದ ದಾರೀಲೇ ವಾಪಸ್ ಹೋದ್ಲು ಅಂತ ಸರ್ ಹೇಳಿದ್ರು. ಅವಳ ಬ್ಯಾಗಿಗೆ ಗೆಜ್ಜೆ ಕಟ್ಟಿತ್ತು. ಎಲ್ರೂ ಕರಡಿ ಹತ್ರ ಬರ್ದಿರ್ಲಿ ಅಂತ ಅಂಗಡೀಲಿ ಸಿಗೋ ಗಂಟೆ ಕಟ್ಕೊಂಡ್ರೆ, ಇವ್ಳು ಭರತನಾಟ್ಯದ ಗೆಜ್ಜೆ ಕಟ್ಕೊಂಡಿದ್ಲು. ಆ ಸೌಂಡ್ ಹಿಂದೆ ಹಿಂದೆ ಹೋಗ್ತಾ ಇದ್ದಿದ್ದು ನೆನಪಿದೆ, ಅಷ್ಟೇ."

ನವೆಂಬರ್ 12, ಮಂಗಳವಾರ. ಬೆಳಿಗ್ಗೆ 9.15ಕ್ಕೆ ಹಯಾಸೆ ಎಂಟು ಜನರೊಂದಿಗೆ ಸ್ಪೇನ್ ಹಳ್ಳಿಯ ಬೇಲಿ ದಾಟಿದ. ಒಂದು ಕಡೆ ತಂತಿ ಹರಿದು ಒಬ್ಬರು ನುಸುಳುವಷ್ಟು ಜಾಗವಿತ್ತು. ಚೌಕದಲ್ಲಿ ನಿಂತಾಗ ಎಲ್ಲರೂ ತಾವಾಗಿ ದನಿ ತಗ್ಗಿಸಿದರು. ಗಾಳಿ ಎದ್ದಿತು. ನೊಗುಚಿ ಕೈ ಎತ್ತಿ ಎಲ್ಲರನ್ನೂ ತಡೆದ.

ಗೆಜ್ಜೆಯ ಸದ್ದು. ನಾಲ್ಕು ಹೆಜ್ಜೆ ಹಾಕಿ ನಿಂತು, ಮತ್ತೆ ಎರಡು ಹೆಜ್ಜೆ ಹಾಕಿದ ಹಾಗೆ. ಇಪ್ಪತ್ತಾರು ವರ್ಷ ಸರ್ವಿಸ್ ಆದ ಹಯಾಸೆಗೂ ಹೆದರಿಕೆಯಾಯಿತು. ಅದನ್ನು ಅವನು ಆಮೇಲೆ ಒಪ್ಪಿಕೊಂಡ.

ಸದ್ದು ಬರುತ್ತಿದ್ದುದು ಗಾಳಿಗಿರಣಿಯೊಳಗಿಂದ. ಹಲಗೆಯ ನೆಲ ಒಂದು ಕಡೆ ಕುಸಿದಿತ್ತು. ಮುರಿದ ತೊಲೆಗೆ ಬ್ಯಾಗಿನಿಂದ ಹರಿದ ಪಟ್ಟಿ ಸಿಕ್ಕಿಕೊಂಡು, ಅದಕ್ಕೆ ಕಟ್ಟಿದ ಗೆಜ್ಜೆ ತೂಗಾಡುತ್ತಿತ್ತು. ಕೆಳಗೆ ಆಳೆತ್ತರದ ಉಗ್ರಾಣ. ಪ್ರಣತಿ ಅಲ್ಲಿದ್ದಳು. ಸಮಯ 10.20. ಪಂಚನಾಮೆಯಲ್ಲಿ ಬರೆದದ್ದು: ಮೊಬೈಲ್ ಒಂದು, ನೀರಿನ ಖಾಲಿ ಬಾಟಲಿ ಒಂದು, ತೊಳೆದಷ್ಟು ಖಾಲಿಯಾಗಿ ಮುಚ್ಚಳ ಹಾಕಿಟ್ಟ ಊಟದ ಡಬ್ಬಿ ಒಂದು. ಸ್ಟ್ರೆಚರ್ ಕೆಳಗಿನ ಬಸ್ ನಿಲ್ದಾಣ ಮುಟ್ಟಿದ್ದು ಮಧ್ಯಾಹ್ನ 3.10ಕ್ಕೆ.

ನವೆಂಬರ್ 13, ಸಂಜೆ 4. ಅನಂತಮೂರ್ತಿಯನ್ನು ಠಾಣೆಗೆ ಕರೆತಂದರು; ದುಭಾಷಿಯಾಗಿ ವಸುಧಾ ಪಕ್ಕದಲ್ಲಿ ಕೂತಳು. ನಲವತ್ತೆಂಟು ವರ್ಷ, ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂಜಿನಿಯರ್, ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವ ಒಳ್ಳೆಯ ಮನುಷ್ಯ. ಮೂರು ಚೀಟಿಗಳನ್ನು ಮೇಜಿನ ಮೇಲಿಟ್ಟಾಗ ಅವನು ನಿರಾಕರಿಸಲಿಲ್ಲ.

"ಹುಡುಕಿದ್ರಾ?" ಎಂದಷ್ಟೇ ಕೇಳಿದ.

"ಪ್ರಶ್ನೆ ನಾವು ಕೇಳುತ್ತೇವೆ. ಆ ದಿನ ಏನಾಯಿತು?"

"ಅವಳಿಗೆ ಮಂಡಿ ನೋವು. ವಾಪಸ್ ಅದೇ ದಾರಿ ಅಂದ್ರೆ ಮೂರು ಗಂಟೆ. ಸ್ಪೇನ್ ಹಳ್ಳಿ ಕಡೆಯಿಂದ ಇಳಿದ್ರೆ ನಲವತ್ತು ನಿಮಿಷ, ಬೇಲಿ ಒಂದ್ ಕಡೆ ಹರಿದಿದೆ, ನುಸುಳಿ ಹೋಗಮ್ಮ ಅಂದೆ. ಬೋರ್ಡ್ ಏನು ಅಂತ ಕೇಳಿದ್ಲು. ಸುಮ್ನೆ ಹಾಕಿರ್ತಾರೆ ಅಂದೆ. ಅವಳಿಗೆ ಜಪಾನಿ ಓದಕ್ಕೆ ಬರಲ್ಲ. ನನಗೆ ಬರುತ್ತೆ."

"ನಮಗೆ ಯಾಕೆ ಸುಳ್ಳು ಹೇಳಿದಿರಿ?"

"ಫಾರ್ಮ್ ಓದಿ, ಈ ದಾರೀಲೇ ಹೋದ್ರಾ ಅಂತ ನೀವೇ ಕೇಳಿದ್ರಿ. ಹೌದು ಅಂದ್ಬಿಟ್ಟೆ. ನಾಳೆ ಸಿಗ್ತಾಳೆ ಅನ್ಕೊಂಡೆ. ಮೂರನೇ ದಿನ ನಿಜ ಹೇಳೋಣ ಅಂತ ಬಂದೆ ಸರ್, ಈ ಠಾಣೆ ಬಾಗಿಲ ತನಕ. ಕೆಲಸ, ವೀಸಾ, ಮಗಳ ಸ್ಕೂಲು, ಎಲ್ಲ ನೆನಪಾಯ್ತು. ಆಮೇಲೆ ಧೀರಜ್ ಬಂದು ನನ್ನ ಕೈ ಹಿಡ್ಕೊಂಡು, ನೀವಿದೀರಲ್ಲ ಸರ್, ನನಗೆ ಧೈರ್ಯ ಅಂದ. ಅಲ್ಲಿಂದ ಮುಂದೆ ಬಾಯೇ ಬರ್ಲಿಲ್ಲ."

"ಈ ಚೀಟಿಗಳು ಯಾಕೆ?"

"ಈ ವರ್ಷ ಒಬ್ಬನೇ ಆ ಬೇಲಿ ತನಕ ಹೋದೆ. ಒಳಗಿಂದ ಗೆಜ್ಜೆ ಕೇಳಿಸ್ತು. ಓಡಿಬಿಟ್ಟೆ. ಮನೇಲೂ ಕೇಳಿಸುತ್ತೆ ಸರ್, ಲಿಫ್ಟಲ್ಲೂ ಕೇಳಿಸುತ್ತೆ. ಫೋನ್ ಮಾಡಿ ಹೇಳೋಣ ಅಂದ್ರೆ ಧ್ವನಿ ಗುರುತು ಸಿಗುತ್ತೆ ಅಂತ ಭಯ. ನೀವು ಫಾರ್ಮ್ ನಂಬ್ತೀರಿ. ಒಂದ್ ಸಲ ನಂಬಿ ತಪ್ಪು ಜಾಗದಲ್ಲಿ ಹುಡುಕಿದ್ರಿ. ಇನ್ನೊಂದ್ ಸಲ ನಂಬಿದ್ರೆ ಸರಿಯಾದ ಜಾಗಕ್ಕೆ ಹೋಗ್ತೀರಿ ಅನ್ಕೊಂಡೆ."

ಹಯಾಸೆ ಅದನ್ನು ಅಕ್ಷರಶಃ ಬರೆದುಕೊಂಡ. ಆ ಮಾತು ತನಗೂ ತಗಲುತ್ತದೆಂದು ಅವನಿಗೆ ತಿಳಿದಿತ್ತು.

"ಬಿದ್ದ ತಕ್ಷಣ ಹೋಗಿದ್ಲಾ?" ಅನಂತಮೂರ್ತಿ ಕನ್ನಡದಲ್ಲೇ ವಸುಧಾಳನ್ನು ಕೇಳಿದ. "ಅಷ್ಟು ಹೇಳಮ್ಮ. ತಕ್ಷಣ ಅಲ್ವಾ?"

ಪ್ರಣತಿಯ ಫೋನಿನಲ್ಲಿ ಸಿಗ್ನಲ್ ಇಲ್ಲದೆ ಉಳಿದಿದ್ದ ಸಂದೇಶಗಳನ್ನು ಪ್ರಯೋಗಾಲಯದವರು ಅಂದು ಬೆಳಿಗ್ಗೆಯೇ ಕಳಿಸಿದ್ದರು. ಹಯಾಸೆ ಆ ಹಾಳೆಯನ್ನು ವಸುಧಾಳ ಮುಂದಿಟ್ಟು, ಓದಿ ಎಂದ. ಕೊನೆಯದು ನವೆಂಬರ್ 13, 2023, ಬೆಳಿಗ್ಗೆ 6.20ರದು. ಅವಳು ಬಿದ್ದು ಎರಡು ರಾತ್ರಿ ಕಳೆದ ಮೇಲಿನದು.

"ಧೀರಜ್, ಕಾಲು ಆಡಿಸಕ್ಕಾಗ್ತಿಲ್ಲ. ಸ್ಪೇನ್ ಹಳ್ಳಿಲಿದೀನಿ, ಗಿರಣಿ ಒಳಗೆ. ಹೆಲಿಕಾಪ್ಟರ್ ಸದ್ದು ಕೇಳಿಸ್ತಿದೆ, ಗುಡ್ಡದ ಆ ಕಡೆನೇ ಸುತ್ತುತ್ತಿದೆ. ನಾನು ಇಲ್ಲಿದೀನಿ ಅಂತ ಅನಂತಮೂರ್ತಿ ಸರ್‌ಗೆ ಗೊತ್ತು. ಹೇಳಿರ್ತಾರೆ. ಬರ್ತಾರೆ. ನೀನು ಹೆದರಬೇಡ."

ಓದಿ ಮುಗಿಸಿದ ವಸುಧಾ ನಿಯಮ ಮುರಿದಳು. "ಕೇಳಿಸ್ಕೊಂಡ್ರಾ?" ಎಂದಳು. ಅದನ್ನು ಅವಳು ಜಪಾನಿಗೆ ತಿರುಗಿಸಲಿಲ್ಲ, ಹಯಾಸೆಯೂ ಕೇಳಲಿಲ್ಲ. ಅನಂತಮೂರ್ತಿ ಎರಡೂ ಕಿವಿಗಳನ್ನು ಮುಚ್ಚಿಕೊಂಡು ಕೂತಿದ್ದ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ, ಸುಳ್ಳು ಮಾಹಿತಿಯಿಂದ ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪಗಳ ಮೇಲೆ ಸಂಜೆ 5.35ಕ್ಕೆ ಅವನನ್ನು ಬಂಧಿಸಲಾಯಿತು.

ಪ್ರೇರಣೆ ಎಂಬ ಕಾಲಮಿನಲ್ಲಿ ಹಯಾಸೆ ಬರೆದದ್ದು ಇಷ್ಟೇ: ಆರೋಪಿ ಸಿಕ್ಕಿಬೀಳದೆ ತಪ್ಪೊಪ್ಪಿಕೊಳ್ಳಲು ಪ್ರಯತ್ನಿಸಿದ್ದಾನೆ.

ನವೆಂಬರ್ 16, ಶನಿವಾರ ಮಧ್ಯಾಹ್ನ ಧೀರಜ್ ಗೆಜ್ಜೆಯನ್ನು ಪಡೆದುಕೊಳ್ಳಲು ಠಾಣೆಗೆ ಬಂದ. ಸಹಿಗಳೆಲ್ಲ ಮುಗಿದ ಮೇಲೆ ಹಯಾಸೆ ಅವನನ್ನು ಬಸ್ ನಿಲ್ದಾಣದ ಕೆಳಗಿನ ಡಬ್ಬಿಯ ಬಳಿ ಕರೆದುಕೊಂಡು ಹೋಗಿ ಒಂದು ಖಾಲಿ ಚೀಟಿ ಕೊಟ್ಟ.

"ಕಳೆದ ವರ್ಷದ ಚೀಟಿಗೆ ಇನ್ನೂ ಜೋಡಿ ಇಲ್ಲ ಧೀರಜ್ ಸಾನ್," ಎಂದ. "ಮನೆಯವರು ಬರೆಯಬಹುದು."

ಧೀರಜ್ ಡಬ್ಬಿಯ ಮೇಲೆ ಚೀಟಿ ಇಟ್ಟುಕೊಂಡು ಪ್ರಣತಿ ಎಂದು ಬರೆದ. ಇಳಿದ ಸಮಯ ಎಂಬಲ್ಲಿ ಪೆನ್ನು ನಿಂತಿತು.

"ಮಂಗಳವಾರ, ಮಧ್ಯಾಹ್ನ 3.10," ಎಂದ ಹಯಾಸೆ.

ಧೀರಜ್ ಅದನ್ನು ಬರೆದು, ಮಡಿಸಿ, ಡಬ್ಬಿಗೆ ಹಾಕಿದ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ಒಂದು ವರ್ಷದಿಂದ ತಡೆದದ್ದನ್ನೆಲ್ಲ ಅತ್ತ. 16.25ರ ಬಸ್ಸು ಬರುವವರೆಗೆ ಹಯಾಸೆ ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದ.