ಏಳನೇ ಪುಟ

"ಮತ್ತೇನ್ರೀ ಉಳೀತು? ಹೋದ ತಿಂಗಳು ನಮ್ಮಜ್ಜಿ ಕಾಯಿಲೇನೂ ಬಿಡದೆ ಬರ್ಕೊಂಡು ಹೋದ್ರಲ್ಲ!" ಅನಸೂಯಾ ಬಾಗಿಲಲ್ಲೇ ನಿಂತು ಕೇಳಿದಳು.

"ಒಂದು ಪುಟ ಉಳೀತ್ರಿ," ಎಂದ ಶ್ರೀಕಂಠ. ಬೆಳಗಿನ ಜಾವ ವಿಶಾಖಪಟ್ಟಣ ಬಿಟ್ಟು ಮಧ್ಯಾಹ್ನಕ್ಕೆ ವಿಜಯವಾಡ ತಲುಪಿದವನ ಅಂಗಿ ಬೆನ್ನಿಗೆ ಅಂಟಿತ್ತು. "ಏಳನೇದು."

"ಒಂದು ಪುಟಕ್ಕೆ ಇಷ್ಟು ದೂರಾನಾ?"

"ಪುಟ ಭಾಳ ದೊಡ್ಡದದ."

ಅವನು ಧಾರವಾಡದವನು. ತುಮಕೂರಿನ ಅನಸೂಯಾಗೆ ಅವನ ಮಾತು ಕೇಳುವಾಗಲೆಲ್ಲ ಪಕ್ಕದ ಕೋಣೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿರುವಂತೆ, ಹಸಿವಾದಂತೆ ಅನಿಸುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅದು ೧೯೯೧. ಅವಳಿಗೆ ಇಪ್ಪತ್ತೊಂಬತ್ತು. ಬ್ಯಾಂಕಿನ ವರ್ಗಾವಣೆ ಅವಳನ್ನೂ ಅಮ್ಮ ಕಮಲಾಕ್ಷಿಯನ್ನೂ ಈ ಊರಿಗೆ ತಂದಿತ್ತು. ಐದು ತಿಂಗಳ ಹಿಂದೆ, ಕೌಂಟರಿನಲ್ಲಿ ಕೂತಿದ್ದಾಗಲೇ ಮೆದುಳಿನ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ, ಬಲಗೈ ಬಲಗಾಲು ಅವಳ ಮಾತು ಕೇಳುವುದನ್ನು ಬಿಟ್ಟಿದ್ದವು. ಈಗ ಕೇಳುತ್ತಿದ್ದವು, ಹಟಮಾರಿ ಮಕ್ಕಳ ಹಾಗೆ, ಎರಡು ಸಲ ಹೇಳಿದ ಮೇಲೆ. ಇಷ್ಟು ಚಿಕ್ಕ ವಯಸ್ಸಿನ ಹೆಂಗಸರಿಗೆ ಪಾರ್ಶ್ವವಾಯು, ಹೃದಯಾಘಾತ ಏಕಾಗುತ್ತದೆ ಎಂದು ಹುಡುಕುವ ಸಂಶೋಧನೆಯೊಂದರಲ್ಲಿ ಶ್ರೀಕಂಠ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವನು.

"ಹೋದ ಸಲ ನಿಮಗ ಮುಜುಗರ ಆಗ್ತದಂತ ನಾನ ಪುಟ ತಿರುವಿಬಿಟ್ಟೆ," ಎಂದು ಅವನು ಫಾರಂ ಬಿಚ್ಚಿದ. ಕಿವಿ ಕೆಂಪಾಗಿದ್ದವು. "ಆಫೀಸಿನಾಗ ಬೈಸ್ಕೊಂಡೆ."

"ಮುಜುಗರ ನನಗೋ ನಿಮಗೋ?"

ಅವನು ಫಾರಮ್ಮಿಗೇ ಮುಖ ತಗ್ಗಿಸಿದ.

ಕೇಳುವಾಗ ಹತ್ತಿರ ಯಾರೂ ಇರಕೂಡದೆಂಬುದು ನಿಯಮ. ಕಮಲಾಕ್ಷಿ ಮಜ್ಜಿಗೆಯ ಲೋಟ ಇಟ್ಟು ಅಡುಗೆಮನೆಗೆ ಹೋದರು. ತೆಲುಗಿನ ಫಾರಮ್ಮನ್ನು ಅವನು ನಿಧಾನವಾಗಿ ಕನ್ನಡಕ್ಕೆ ತಿರುಗಿಸಿ ಓದಿದ: "ನೀವು ಎಂದಾದರೂ, ಯಾವುದೇ ಕಾರಣಕ್ಕೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದೀರಾ?"

ಅನಸೂಯಾ ತಲೆ ಎತ್ತಿದಳು. ಅಡುಗೆಮನೆಯ ಪರದೆಯ ಕೆಳಗೆ ಅಮ್ಮನ ಎರಡು ಪಾದಗಳು ಅಲ್ಲಾಡದೆ ನಿಂತಿದ್ದವು.

"ಇಲ್ಲ," ಎಂದಳು.

ಅವನು ಹುಬ್ಬು ಕೂಡ ಏರಿಸಲಿಲ್ಲ. ನಂಬಿ, ಅಚ್ಚುಕಟ್ಟಾಗಿ ಬರೆದುಕೊಂಡ. ಆ ನಂಬಿಕೆಯೇ ಅವಳನ್ನು ಚುಚ್ಚಿತು. ಎಲ್ಲೋ ಇರುವ, ತಾನು ನೋಡದ ಹೆಂಗಸರ ಲೆಕ್ಕದಲ್ಲಿ ತನ್ನ ಸುಳ್ಳೂ ಹೋಗಿ ಕೂರುತ್ತದೆ.

"ಹೊಡೆದುಹಾಕಿ. ಹೌದು ಅಂತ ಬರ್ಕೊಳ್ಳಿ. ಮೂರು ತಿಂಗಳು ತಗೊಂಡಿದ್ದೆ."

ಅವನು ಹೊಡೆದುಹಾಕಿ, ಹೌದು ಎಂದು ಬರೆದುಕೊಂಡ.

"ಅಣ್ಣನ ಗೃಹಪ್ರವೇಶ, ಆಮೇಲೆ ಚಿಕ್ಕಪ್ಪನ ಮಗನ ಮುಂಜಿ, ಆಮೇಲೆ ತಿರುಪತಿ. ಆ ದಿನಗಳಲ್ಲಿ ಹೊರಗಾಗಬಾರದು ಅಂತ."

"ಡಾಕ್ಟರು ಬರದು ಕೊಟ್ಟಿದ್ರೇನ್ರಿ?"

ಪರದೆ ಸರಿಯಿತು. "ನಾನೇ ಕೊಟ್ಟಿದ್ದು," ಎಂದರು ಕಮಲಾಕ್ಷಿ. "ಮೆಡಿಕಲ್ ಶಾಪಿಂದ ತಂದು, ದಿನಾ ಹಾಲಿನ ಜೊತೆ ನಾನೇ ನುಂಗಿಸಿದ್ದು. ಬರ್ಕೊಳ್ಳಪ್ಪ. ಅದರಿಂದಲೇ ಆಯ್ತಾ ನನ್ನ ಮಗಳಿಗೆ?"

ಇಲ್ಲ ಅನ್ನಿ, ಎಂದು ಅನಸೂಯಾ ಕಣ್ಣಲ್ಲೇ ಬೇಡಿದಳು. ಅವನು ಅವಳ ಕಣ್ಣನ್ನು ನೋಡಿದ. ನೋಡಿಯೂ ಸುಳ್ಳು ಹೇಳಲಿಲ್ಲ.

"ಗೊತ್ತಿಲ್ರೀ ಅಮ್ಮಾ. ಆಗಿರಬಹುದು, ಆಗಿರ್ಲಿಕ್ಕಿಲ್ಲ. ಅದ ಮಾತ್ರಿ ತಗೊಂಡು ಆರಾಮ ಇದ್ದವರು ಭಾಳ ಮಂದಿ ಅದಾರ. ಮುಟ್ಟದ ಇದ್ದು ಬಿದ್ದವರೂ ಅದಾರ. ಅದಕ್ಕ ಆರಾಮ ಇದ್ದವರ ಮನಿಗೂ ಹೋಗಿ ಇದನ್ನ ಕೇಳ್ತೀವಿ. ಒಂದು ಫಾರಂ ಹಿಡ್ದು ಯಾರ ಮ್ಯಾಲೂ ತಪ್ಪು ಹೊರಸ್ಲಿಕ್ಕೆ ಬರಂಗಿಲ್ಲ. ನಿಮ್ಮ ಮ್ಯಾಲ ನೀವೂ ಹೊರಸ್ಕೋಬ್ಯಾಡ್ರಿ."

ಕಮಲಾಕ್ಷಿ ಕುರ್ಚಿಯ ತುದಿಗೆ ಕೂತರು. "ಐದು ತಿಂಗಳಿಂದ ಇದನ್ನೇ ನುಂಗ್ಕೊಂಡಿದ್ದೆ ಕಣೆ. ನೀನೂ ಅಷ್ಟೇ ಅಂತ ಗೊತ್ತಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದರು. "ಸುಳ್ಳು ಸಮಾಧಾನ ಹೇಳ್ಲಿಲ್ಲ ನೀವು. ಇರಿ, ಉಪ್ಪಿಟ್ಟು ಮಾಡ್ತೀನಿ."

ಒಳಗೆ ಒಗ್ಗರಣೆ ಸಿಡಿಯಿತು. ಶ್ರೀಕಂಠ ಫಾರಮ್ಮನ್ನು ಚೀಲಕ್ಕೆ ಹಾಕಿದ.

"ಇನ್ನ ಮುಂದ ನಾನು ಬರಂಗಿಲ್ಲ. ರಾಜ್ಯಲಕ್ಷ್ಮಿ ಅಂತ ನಮ್ಮ ಆಫೀಸಿನವರು ಬರ್ತಾರ."

ಅವಳ ಎದೆ ಒಂದು ಮೆಟ್ಟಿಲು ಜಾರಿತು. "ಮೊದಲು ಸುಳ್ಳು ಹೇಳಿದ್ದಕ್ಕೆ ಕೋಪಾನಾ?"

"ಅಲ್ರೀ. ಎಲ್ಲಾರಿಗೂ ಒಂದ ದನಿಯೊಳಗ ಓದಬೇಕಂತ ನಿಯಮ. ನಿಮ್ಮ ಮುಂದ ನನ್ನ ದನಿ ಬ್ಯಾರೆ ಆಗ್ತದ. ಪುಟ ತಿರುವಿದ್ದೂ ಅದಕ್ಕ. ಇವರ ಫಾರಂ ನನಗ ಬ್ಯಾಡಂತ ಬರದು ಕೊಟ್ಟೇನಿ."

"ಕಾರಣ ಏನು ಅಂತ ಬರೆದ್ರಿ?"

"ಸ್ವಂತ, ಅಂತ." ಅವನು ಮಜ್ಜಿಗೆಯ ಖಾಲಿ ಲೋಟವನ್ನು ಇನ್ನೊಮ್ಮೆ ಕುಡಿದ. "ಫಾರಂ ಇಲ್ದನ ಬರಬೇಕಂತ ನನಗ ಆಸೆ ಅದ."

ಅವಳಿಗೆ ನಗು ಬಂತು, ಹಿಂದೆಯೇ ಭಯವೂ. "ಮತ್ತೆ ಆಗಬಹುದು ಅಂತಾರೆ ಡಾಕ್ಟರು. ನಿಮಗೆ ಗೊತ್ತು."

"ನನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ನಿಮ್ಮ ಬಿ.ಪಿ., ತಲಿನೋವು, ನಿಮ್ಮಜ್ಜಿ ಸಕ್ಕರಿ ಕಾಯಿಲೆ, ಇಪ್ಪತ್ತು ಪುಟ ಬರ್ಕೊಂಡೀನಿ. ಇಷ್ಟು ವಿಚಾರಿಸಿ ಯಾವ ಗಂಡಿನ ಕಡೆಯವರೂ ಹೆಣ್ಣು ನೋಡಿರಂಗಿಲ್ಲ."

ಅಡುಗೆಮನೆಯಲ್ಲಿ ಸೌಟು ನಿಂತಿತು. ಕಮಲಾಕ್ಷಿ ನಗುವುದು ಕೇಳಿಸಿತು, ಎಷ್ಟೋ ತಿಂಗಳ ಮೇಲೆ.

ಬಿಸಿಲು ತಗ್ಗಿದಾಗ ಅವನು ಎದ್ದ. ಅನಸೂಯಾ ಚಪ್ಪಲಿ ಹುಡುಕಿದಳು. "ಕಾಲುವೆ ದಂಡೆವರೆಗೆ ದಿನಾ ನಡೀಬೇಕಂತೆ. ಜನ ನೋಡ್ತಾರೆ ಅಂತ ನಾನು ಹೊರಟೇ ಇರಲಿಲ್ಲ. ಇವತ್ತು ಬರ್ತೀರಾ ಜೊತೆಗೆ?"

ಬೀದಿಯ ಜನ ನೋಡಿದರು. ಎದುರು ಮನೆಯ ಲಕ್ಷ್ಮೀಕಾಂತಮ್ಮ ಇವರ್ಯಾರೆಂದು ವರಾಂಡದಿಂದಲೇ ಕೂಗಿ ಕೇಳಿದರು, "ಏಮ್ಮಾ ಅನಸೂಯಾ, ಎವರಮ್ಮಾ ಈಯನ?"

"ಮಾವಾಳ್ಳೇನಂಡೀ," ಎಂದಳು. ನಮ್ಮವರೇ. ಹೇಳಿದ ಮೇಲೆ ಅವಳ ಕೆನ್ನೆ ಬಿಸಿಯಾಯಿತು. ಅವನು ಬೇಕೆಂದೇ ಕಾಲುವೆಯ ಕಡೆ ನೋಡುತ್ತ ಮೀಸೆಯೊಳಗೆ ನಗುತ್ತಿದ್ದ.

"ನಿಮ್ಮ ರೈಲು ಎಷ್ಟಕ್ಕೆ?"

"ಆರಕ್ಕ."

"ನನ್ನ ಈ ನಡಿಗೆಗೆ ಅದು ತಪ್ಪೋದು ಖಂಡಿತ."

ಅವನು ಗಡಿಯಾರ ನೋಡಿದ. ಆಮೇಲೆ ಹೆಜ್ಜೆಯನ್ನು ಇನ್ನಷ್ಟು ನಿಧಾನ ಮಾಡಿದ.