ಮಂಗಳವಾರದ ಹರಕೆ

"ಇದರಾಗ ಏನೋ ಕಲಸೀರಿ," ಎಂದವನೇ ಅರುಣಕುಮಾರ್ ರೊಟ್ಟಿಯ ತಟ್ಟೆಯನ್ನು ಗೋಡೆಗೆ ಬೀಸಿದ. ಕೊಟ್ಟೂರಿನ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಮಾರುತ್ತ, ಮದುವೆಯ ಕೊಡಗಳ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಹೆಸರು ಕೊರೆದು ಕೊಡುತ್ತಿದ್ದ ಕೈ ಅದು. ಈಗ ಅಂಗಡಿಯ ಬಾಗಿಲು ತೆರೆಯುವುದೇ ಇಲ್ಲ. ಗೋಡೆಯಾಚೆ ಯಾರೋ ತನ್ನನ್ನು ಬೈಯುತ್ತಾರೆಂದು ಕಿವಿ ಮುಚ್ಚಿಕೊಂಡು ಕೂರುತ್ತಾನೆ. ಮೊನ್ನೆ ಆ ದನಿಯಿಂದ ತಪ್ಪಿಸಿಕೊಳ್ಳಲು ಬೀದಿಗೆ ಓಡಿ, ಬಸ್ಸಿನ ಚಕ್ರಕ್ಕೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಇನ್ನೊಮ್ಮೆ ಹಾಗಾದರೆ... ಹೆಂಡತಿ ಪುಷ್ಪಲತಾಳಿಗೆ ಮುಂದೆ ಯೋಚಿಸಲು ಆಗುತ್ತಿರಲಿಲ್ಲ.

"ನೀ ಕಾಲಿಟ್ಟ ಮ್ಯಾಲೆ ಹಿಂಗಾತು ನೋಡು," ಎಂದಳು ಅತ್ತೆ ನಾಗಲಿಂಗಮ್ಮ. "ನಮ್ಮ ವಂಶದಾಗ ಇಂಥಾದ್ದು ಯಾವತ್ತೂ ಇದ್ದಿಲ್ಲ."

ವಂಶದ ಮಾತೆಂದರೆ ಈ ಅತ್ತೆಗೆ ಎಲ್ಲಿಲ್ಲದ ಹುರುಪು. ಹೆಣ್ಣು ನೋಡಲು ಇಟ್ಟಿಗಿ ಊರಿಗೆ ಹೋದಾಗ, ಉಪ್ಪಿಟ್ಟು ಮುಟ್ಟುವ ಮೊದಲೇ ಪುಷ್ಪಲತಾಳ ಅಪ್ಪನನ್ನು, "ನಿಮ್ಮ ಮನೆತನದಾಗ ತಲಿ ಕೆಟ್ಟೋರು ಯಾರಾದ್ರೂ ಅದಾರೇನ್ರಿ?" ಎಂದು ಕೇಳಿದ್ದಳು. ನಮ್ಮ ಕಡೆ ಹೆಣ್ಣು ಕೇಳಲು ಹೋದವರು ಬಂಗಾರಕ್ಕಿಂತ ಮೊದಲು ವಿಚಾರಿಸುವುದು ಅದನ್ನೇ. ಗಂಡಿನವರನ್ನು ತಿರುಗಿ ಕೇಳುವ ಧೈರ್ಯ ಮಾತ್ರ ಯಾರಿಗೂ ಇರುವುದಿಲ್ಲ.

ಪುಷ್ಪಲತಾ ಸರ್ಕಾರದ ಆಯುಷ್ಮಾನ್ ಕಾರ್ಡು ಕೈಯಲ್ಲಿ ಹಿಡಿದು ಕಂಡ ಕಂಡ ಆಸ್ಪತ್ರೆಗೆ ಫೋನು ಹಚ್ಚಿದಳು. "ಎದಿಗೆ, ಕಿಡ್ನಿಗೆ ಕಾರ್ಡು ನಡೀತೈತ್ರಿ, ಮನಸ್ಸಿನ ಕಾಯಿಲಿಗೆ ನಮ್ಮಲ್ಲಿಲ್ಲ," ಎಂದಿತು ಒಂದು. ಇನ್ನೊಂದರಲ್ಲಿ ಕಾರ್ಡು ನಡೆಯುತ್ತಿತ್ತು, ಮಾನಸಿಕ ವೈದ್ಯರೇ ಬಿಟ್ಟು ಹೋಗಿದ್ದರು. ಕೊನೆಗೆ ದಾವಣಗೆರೆಯ ಒಂದು ಆಸ್ಪತ್ರೆಯವರು ಒಪ್ಪಿದರು. ಆದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬರಬೇಕಂತೆ. ಸರ್ಕಾರಿ ದವಾಖಾನೆಯಿದ್ದ ಹರಪನಹಳ್ಳಿ ದಾರಿಯ ಮೇಲೇ ಇತ್ತು.

"ಅತ್ತೀ, ನಾಳೆ ಮಂಗಳವಾರ ಹರಪನಹಳ್ಳಿ ದವಾಖಾನಿಗೆ ಹೋಗೂಣು. ಇವರನ್ನ ನಾನೊಬ್ಬಾಕಿ ಹಿಡಿಯಾಕಾಗಲ್ಲ, ನೀವೂ ಬರ್ರಿ."

ನಾಗಲಿಂಗಮ್ಮನ ಮುಖ ಕಪ್ಪಿಟ್ಟಿತು. "ಮಂಗಳವಾರ ಬ್ಯಾಡ. ಉಚ್ಚಂಗೆಮ್ಮನ ಹರಕಿ ಐತಿ ನಂದು. ಬುಧವಾರ ಹೋಗ್ರಿ."

ಗಂಡ ಪಂಚಾಕ್ಷರಪ್ಪ ತೀರಿಕೊಂಡಾಗಿನಿಂದ ತಿಂಗಳಿಗೊಂದು ಮಂಗಳವಾರ ಅವಳು ಉಚ್ಚಂಗಿದುರ್ಗಕ್ಕೆಂದು ಹೋಗಿ ಕುಂಕುಮ ತಂದು ಮಗನ ಹಣೆಗೆ ಇಡುತ್ತಿದ್ದಳು. ಹರಕೆಗೆ ಎದುರಾಡುವವರು ಯಾರು? ಮರುದಿನ ಮೊದಲ ಬಸ್ಸಿಗೇ ಹೊರಟುಹೋದಳು.

ಆದರೆ ಅರುಣಕುಮಾರ್‌ನ ಕಾಯಿಲೆ ಬುಧವಾರದವರೆಗೆ ಕಾಯಲಿಲ್ಲ. ಬಿಸಿಲೇರುವ ಹೊತ್ತಿಗೆ ಮತ್ತೆ ಬೀದಿಗೆ ಓಡಿದ. ಪಕ್ಕದ ಗ್ಯಾರೇಜಿನ ಮುರ್ತುಜಾಸಾಬ ಲಾರಿಯ ಎದುರಿನಿಂದ ಅವನನ್ನು ಎಳೆದುಕೊಂಡು, "ನಡೀರಿ ತಂಗೀ, ಇನ್ನ ತಡ ಮಾಡಬ್ಯಾಡ್ರಿ," ಎಂದು ಇಬ್ಬರನ್ನೂ ತನ್ನ ಆಟೋದಲ್ಲಿ ಹರಪನಹಳ್ಳಿಗೆ ತಂದುಬಿಟ್ಟ.

ಚೀಟಿ ಕೇಳಿದರೆ ಕೌಂಟರಿನವರು, "ಮನಸ್ಸಿನ ಡಾಕ್ಟ್ರು ತಿಂಗಳಿಗೊಂದು ಮಂಗಳವಾರ ಇಲ್ಲೇ ಬರ್ತಾರ, ಇವತ್ತು ಬಂದಾರ, ಆ ಕೋಣಿಗೆ ಹೋಗ್ರಿ," ಎಂದರು. ಪುಷ್ಪಲತಾ ನಂಬದೆ ನಿಂತಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ಅವಳ ಪಾಡು. ಅಷ್ಟರಲ್ಲಿ ನರ್ಸ್ ಸುಕನ್ಯಾ ಬಾಗಿಲಿಗೆ ಬಂದು ಕೂಗಿದಳು.

"ನಾಗಲಿಂಗಮ್ಮ, ಕೊಟ್ಟೂರು."

ಬೆಂಚಿನ ತುದಿಯಿಂದ ಹಸಿರು ಸೀರೆಯೊಂದು ಎದ್ದಿತು. ಕೈಯಲ್ಲಿ ಕುಂಕುಮದ ಪೊಟ್ಟಣ. ಸೊಸೆಯನ್ನು ಕಂಡು ಆ ಕೈ ಅಲ್ಲೇ ನಿಂತಿತು.

"ಮನಿಯವರನ್ನೂ ಕರ್ಕೊಂಡು ಬಂದೀರಿ, ಚಲೋ ಆತು," ಎಂದಳು ಏನೂ ಅರಿಯದ ಸುಕನ್ಯಾ. "ಬರ್ರಿ, ನಿಮ್ಮ ಗುಳಿಗಿ ಬಂದಾವ."

"ಇಲ್ಲಿ ಡಾಕ್ಟ್ರು ಬರ್ತಾರಂತ ನಿಮಗ ಗೊತ್ತಿತ್ತು," ಎಂದಳು ಪುಷ್ಪಲತಾ. ದನಿ ಮೇಲೇಳಲಿಲ್ಲ.

"ಗೊತ್ತಿತ್ತವ್ವ."

"ನಾನು ಫೋನ್ ಹಚ್ಚಿ ಹಚ್ಚಿ ಅಳೋದನ್ನ ನೋಡಿಕೋಂತ ಕುಂತಿದ್ರಿ."

"ನಿಮ್ಮಪ್ಪನ್ನ ಹಂಗ ಕೇಳಿದಾಕಿ ನಾನು... ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಇವತ್ತ ಲಾರಿಗೆ ಸಿಕ್ಕಿದ್ರ ಯಾವ ಮುಖ ಇಡ್ತಿದ್ರಿ ಅತ್ತೀ?"

ನಾಗಲಿಂಗಮ್ಮ ಮಗನ ಕಡೆ ನೋಡಿದಳು. ಹೆತ್ತ ಕರುಳಿಗಿಂತ ಮಾನವೇ ದೊಡ್ಡದೆಂದು ಕಾಯ್ದುಕೊಂಡು ಬಂದವಳು ಅವಳು. "ನನ್ನ ಪಾಳಿ ಇವನಿಗೆ ಕೊಡ್ರಿ," ಎಂದಷ್ಟೇ ಸುಕನ್ಯಾಳಿಗೆ ಹೇಳಿ ಬಾಗಿಲಲ್ಲೇ ನಿಂತಳು.

ವೈದ್ಯರು ಅರುಣಕುಮಾರ್‌ನನ್ನು ನಿಧಾನವಾಗಿ ಮಾತಾಡಿಸಿದರು. ಗುಳಿಗೆ ಇಲ್ಲೇ ಸಿಗುತ್ತದೆ, ಸೇರಿಸಬೇಕಾಗಿ ಬಂದರೆ ದಾವಣಗೆರೆಗೆ ತಾವೇ ಬರೆದುಕೊಡುತ್ತೇವೆ, ಆಗ ಕಾರ್ಡು ಕೆಲಸಕ್ಕೆ ಬರುತ್ತದೆ ಎಂದು ಪುಷ್ಪಲತಾಳಿಗೆ ತಿಳಿಸಿದರು. ಆಮೇಲೆ ಕೇಳಿದರು: "ಇವರ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇನಮ್ಮ?"

ಪುಷ್ಪಲತಾ ಬಾಗಿಲ ಕಡೆ ನೋಡಿದಳು. ಹೊರಗೆ ಬೆಂಚಿನ ತುಂಬ ಜನ, ಕೊಟ್ಟೂರಿನ ಮುಖಗಳೂ ಇದ್ದವು.

"ನನಗ ಆಗಿತ್ರಿ," ಎಂದಳು ನಾಗಲಿಂಗಮ್ಮ ಎಲ್ಲರಿಗೂ ಕೇಳುವಂತೆ. "ನಾನು ಇವನ ತಾಯಿ. ಇವರಪ್ಪ ಹೋದ ಮ್ಯಾಲೆ ನನಗೂ ಗ್ವಾಡಿ ಆಚಿಂದ ಬೈಯೋದು ಕೇಳಿಸ್ತಿತ್ತು."

ಅರುಣಕುಮಾರ್ ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ನೋಡಿದ. "ಯವ್ವಾ... ನಿನಗೂ ಕೇಳಿಸ್ತಾವೇನು?"

"ಕೇಳಿಸ್ತಿದ್ವಪ್ಪ. ಈಗ ಇಲ್ಲ."

ಗುಳಿಗೆ ಕೈಗೆ ಕೊಟ್ಟಾಗ ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಆಗ ನಾಗಲಿಂಗಮ್ಮ ಮಗನ ಎದುರಿಗೆ ನೆಲಕ್ಕೆ ಕೂತು, ಸುಕನ್ಯಾಳಿಂದ ತನ್ನ ಗುಳಿಗೆ ಇಸಿದುಕೊಂಡು, ಅವನಿಗೆ ತೋರಿಸಿ ಬಾಯಿಗೆ ಹಾಕಿಕೊಂಡಳು. ಅವನು ತಾಯಿಯ ಗಂಟಲನ್ನೇ ನೋಡುತ್ತಿದ್ದ. ಅವಳು ನುಂಗಿದ ಮೇಲೆ ತಾನೂ ನುಂಗಿದ.

ಪುಷ್ಪಲತಾ ಗಂಡನಿಗೆ ನೀರಿನ ಬಾಟಲಿ ಹಿಡಿದಳು. ಅವನು ಕುಡಿದಾದ ಮೇಲೆ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಇಟ್ಟುಕೊಂಡು, ಕೊನೆಗೆ ಅತ್ತೆಯ ಮುಖ ನೋಡದೆ ಅವಳ ಕಡೆಗೂ ಚಾಚಿದಳು.