ಬೀಗರ ಮನೆಯ ತುತ್ತು

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು..."

ಧನ್ಯಶ್ರೀಯ ಎದೆ ಧಸಕ್ಕೆಂದಿತು.

ಹೆಣ್ಣು ನೋಡಲು ಬಂದವರು ಹಜಾರದಲ್ಲಿ ಕೇಸರಿಬಾತು ತಿನ್ನುತ್ತಾ ಕೂತಿದ್ದರು. 'ಹುಡುಗ ಹುಡುಗಿ ಅದೇನು ಮಾತಾಡ್ಕೋತಾರೋ ಆಡ್ಕೊಳ್ಳಲಿ' ಎಂದು ಇಬ್ಬರನ್ನೂ ಹಿತ್ತಲಿಗೆ ಕಳಿಸಿದ್ದರು. ಸುಲಿದ ಕಾಯಿಸಿಪ್ಪೆಯ ರಾಶಿಯ ಪಕ್ಕದಲ್ಲಿ ನಿಂತ ದಯಾನಂದ್ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಎತ್ತರದ ಆಳು. ನೇರ ನೋಟ. ಆದರೆ ಮುಖ ಮಾತ್ರ ಬಿಳಿಚಿಕೊಂಡಿತ್ತು.

'ಏನು ಕೇಳ್ತಾನೆ? ಯಾರನ್ನಾದ್ರೂ ಇಷ್ಟಪಟ್ಟಿದ್ರಾ ಅಂತಾನಾ? ಮದುವೆ ಆದ್ಮೇಲೆ ಕೆಲಸ ಬಿಡ್ತೀರಾ ಅಂತಾನಾ?'

"ಕೇಳಿ..." ಎಂದಳು ಮೆಲ್ಲಗೆ.

"ಟಾಯ್ಲೆಟ್ ಎಲ್ಲಿದೆ?"

ಅವಳಿಗೆ ನಗು ತಡೆಯಲಾಗಲಿಲ್ಲ! ಕೈಯಲ್ಲೇ ತೋರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ನಗಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಗೆ ಬಂದ.

"ತಪ್ಪು ತಿಳ್ಕೋಬೇಡಿ. ಇದು ಇವತ್ತಿನ ಮಾತಲ್ಲ. ಆಗಾಗ ಹೊಟ್ಟೆ ಹಿಂಗೆ ಕೈ ಕೊಡತ್ತೆ. ಮುಂದೆ ಗೊತ್ತಾಗೋ ಬದ್ಲು ಈಗ್ಲೇ ಹೇಳ್ಬಿಟ್ರೆ ವಾಸಿ ಅನ್ನಿಸ್ತು."

ಅವಳ ನಗು ನಿಂತುಹೋಯಿತು. ಇದುವರೆಗೆ ನೋಡಲು ಬಂದ ಗಂಡುಗಳೆಲ್ಲ ಸೈಟಿನ ಬಗ್ಗೆ, ಕಾರಿನ ಬಗ್ಗೆ ಹೇಳಿದ್ದರು. ನನಗೆ ಹೊಟ್ಟೆ ಸರಿಯಿಲ್ಲ ಎಂದವನು ಇವನೊಬ್ಬನೇ. ಇಂಥವನು ಸುಳ್ಳು ಹೇಳಲಾರ ಎಂದುಕೊಂಡಳು. ಅವಳು ಒಪ್ಪಿದ್ದು ಆ ಒಂದು ಮಾತಿಗೆ.

ಮದುವೆಯಾದ ಮೇಲೆ ಅವನು ಅದನ್ನು ಹೇಳುವುದನ್ನೇ ನಿಲ್ಲಿಸಿಬಿಟ್ಟ.

ಕಂದಿಕೆರೆಯ ಪಕ್ಕದ ಊರು ಅವನದು. ಅಲ್ಲಿ ತೆಂಗಿನ ತೋಟ, ತಿಪಟೂರಿನಲ್ಲಿ ಡ್ರಿಪ್ ಪೈಪಿನ ಅಂಗಡಿ. ಅವಳು ಹತ್ತಿರದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಯುಗಾದಿಗೆ ಅವಳ ತವರಿಗೆ ಹೋಗಿ ಒಬ್ಬಟ್ಟು ಉಂಡು ಬಂದರು. ಅಲ್ಲಿಂದ ಬಂದ ವಾರಕ್ಕೇ ದಯಾನಂದ್ ಹಾಸಿಗೆ ಹಿಡಿದ.

ಆಮೇಲೆ ಅವನ ಬೆಲ್ಟಿಗೆ ಹೊಸ ತೂತುಗಳು ಬಿದ್ದವು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಬಚ್ಚಲ ಮನೆಯಲ್ಲಿ ಅವನು ನಲ್ಲಿಯನ್ನು ಜೋರಾಗಿ ಬಿಟ್ಟುಕೊಳ್ಳುತ್ತಿದ್ದ, ನರಳುವುದು ಹೊರಗೆ ಕೇಳಬಾರದು ಎಂದು. ಅವಳು ಬಾಗಿಲ ಹೊರಗೆ ನಿಂತು ಆ ನೀರಿನ ಸದ್ದನ್ನೇ ಕೇಳುತ್ತಿದ್ದಳು.

"ರೀ... ನೋವಿದ್ಯಾ?"

"ಇಲ್ಲ ಕಣೇ. ಗ್ಯಾಸು."

ಒಂದು ದಿನ ಒಗೆಯುವ ಬಟ್ಟೆಯಲ್ಲಿ ರಕ್ತ ಕಂಡಳು. ಅತ್ತು, ಜಗಳವಾಡಿ, ತುಮಕೂರಿನ ಡಾಕ್ಟರ ಹತ್ತಿರ ಕರೆದೊಯ್ದಳು. ಕೊಲೊನೋಸ್ಕೋಪಿ ಮಾಡಬೇಕು, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದ ಹೊರತು ಏನೂ ಹೇಳಲಾಗದು ಎಂದು ಅವರು ಒಂದು ತಾರೀಖು ಕೊಟ್ಟರು.

ಆದರೆ ಮನೆಯಲ್ಲಿ ಬೇರೆಯೇ ತೀರ್ಮಾನ ಆಗಿಹೋಗಿತ್ತು!

ಪಕ್ಕದ ಮನೆ ರಂಗಕ್ಕ ಎಲೆ ಅಡಿಕೆ ಮೆಲ್ಲುತ್ತಾ ಜಗಲಿಯ ಮೇಲೆ ಧನ್ಯಶ್ರೀಯ ಅತ್ತೆಯ ಪಕ್ಕ ಕೂತಿದ್ದಳು. "ಹೊಂಬಾಳಮ್ಮ, ಇದು ಕಾಯಿಲೆ ಅಲ್ಲ ಕಣವ್ವ. ಮದ್ದು ಆಕವ್ರೆ. ಉಂಡಿದ್ದು ಮೈಗೆ ಅತ್ತಲ್ಲ, ಮಕ ಕಪ್ಪಿಡ್ತಾ ಬತ್ತದೆ. ನಮ್ಮ ಸೋದರಮಾವುಂಗೂ ಹಿಂಗೇ ಆಗಿತ್ತು."

ಈ ಸೀಮೆಯಲ್ಲಿ ಆ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಊಟದಲ್ಲಿ ಕಲಸಿಕೊಟ್ಟ ಮದ್ದು ಹೊಟ್ಟೆಯೊಳಗೆ ಗಂಟು ಕಟ್ಟಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ.

"ಎಲ್ಲಿ ಉಂಡಿದ್ದ ಅಂತ ಗ್ಯಾಪ್ನ ಮಾಡ್ಕೊ," ಎಂದಳು ರಂಗಕ್ಕ.

ಹೊಂಬಾಳಮ್ಮನ ಕಣ್ಣು ಒಳಗೆ ರಾಗಿ ಕೇರುತ್ತಿದ್ದ ಸೊಸೆಯ ಮೇಲೆ ಬಿತ್ತು. "ಯುಗಾದಿಗೆ ಬೀಗರ ಮನೇಲಿ..." ಎಂದಳು.

ಧನ್ಯಶ್ರೀಯ ಕೈಯಲ್ಲಿದ್ದ ಮೊರ ನಿಂತಿತು. ಅವಳ ಅಮ್ಮ ವನಜಾಕ್ಷಿ ಅಳಿಯ ಬರುತ್ತಾನೆಂದು ಹಿಂದಿನ ದಿನವೇ ಬೇಳೆ ಆರಿಸಿ, ಉರಿ ತಾಕಿ ಕಣ್ಣು ಕೆಂಪಾಗುವವರೆಗೂ ಒಬ್ಬಟ್ಟು ಬೇಯಿಸಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ತೋಟ ನೋಡಿಕೊಂಡು ಮಗಳನ್ನು ಓದಿಸಿದ ಹೆಂಗಸು. ಅವಳು ಮದ್ದು ಹಾಕಿದಳೇ?

ರಾತ್ರಿ ಗಂಡನಿಗೆ ಹೇಳಿದಳು; ಹೊಟ್ಟೆಯ ತೊಂದರೆ ಮದುವೆಗೆ ಮೊದಲೇ ಇತ್ತೆಂದು ಅತ್ತೆಗೆ ತಿಳಿಸಿ ಎಂದಳು. "ಅವ್ವನ ಮಾತು ಬುಡು ಧನ್ಯ," ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಆ ಶನಿವಾರ ಅವಳು ಶಾಲೆಯಿಂದ ಬಂದಾಗ ಮನೆಗೆ ಬೀಗ. ಸಂಜೆ ಬೈಕು ಬಂತು. ಹಿಂದೆ ಕೂತಿದ್ದ ಹೊಂಬಾಳಮ್ಮ ಇಳಿದವಳೇ ಅಂಗಳದ ನಡುವೆ ನಿಂತು ಕೂಗಿದಳು.

"ಬಿತ್ತು ಕಣೇ ಮದ್ದು! ಹುಳಿಯಾರಿನ ಆಕಡೆ ಮುದುಕಪ್ಪ ಸೊಪ್ಪಿನ ರಸ ಕುಡಿಸ್ದ. ವಾಂತೀಲಿ ಗಂಟು ಬಿತ್ತು. ಕರ್‍ರಗೆ, ಕೂದ್ಲು ಸುತ್ಕೊಂಡಿತ್ತು. ಈ ಕಣ್ಣಾರೆ ನೋಡ್ದೆ! ಈಗೇನಂತೀಯಾ? ನಿಮ್ಮವ್ವ ನನ್ನ ಮಗುಂಗೆ ಏನು ಇಕ್ಕಿದ್ಲು ಹೇಳು!"

ದಾರಿಯಲ್ಲಿ ಹೋಗುತ್ತಿದ್ದವರು ನಿಂತರು.

ದಯಾನಂದ್ ಬೈಕಿಗೆ ಒರಗಿಕೊಂಡೇ ನಿಂತಿದ್ದ. ತುಟಿ ಒಣಗಿತ್ತು. ಅಂಗಿಯ ಮೇಲೆ ಹಸಿರು ಕಲೆ.

"ರೀ..." ಧನ್ಯಶ್ರೀ ಅವನ ಹತ್ತಿರ ಹೋದಳು. "ನೀವಾದ್ರೂ ಹೇಳಿ. ನಮ್ಮಮ್ಮ ಅಂಥವ್ರಲ್ಲ ಅಂತ ಒಂದೇ ಒಂದು ಮಾತು ಹೇಳಿ."

ಅವನು ತಲೆ ಎತ್ತಿದ. ಬಾಯಿ ತೆರೆದ. ಮತ್ತೆ ತಲೆ ತಗ್ಗಿಸಿಬಿಟ್ಟ.

ಅಷ್ಟೇ! ಅತ್ತೆಯ ಹುಚ್ಚು ಮಾತನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆ ಮೌನವನ್ನು ತಡೆಯಲಾಗಲಿಲ್ಲ. ಬ್ಯಾಗಿಗೆ ಬಟ್ಟೆ ತುರುಕಿಕೊಂಡು ಹೊರಟಳು. ಅವನು ಬೇಡ ಎನ್ನಲಿಲ್ಲ.

ತವರು ಅಮ್ಮಸಂದ್ರದ ಹತ್ತಿರ. ಅಂಗಳದಲ್ಲಿ ಆಡಿದ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ವನಜಾಕ್ಷಿ ಏನೂ ಕೇಳಲಿಲ್ಲ. ನೆರೆಯ ರಾಮಕ್ಕನ ಮನೆಯಲ್ಲಿ ಸೀಮಂತವಿತ್ತು. ಬಡಿಸಲು ಪ್ರತಿಸಲ ವನಜಾಕ್ಷಿಯನ್ನು ಕರೆಯುತ್ತಿದ್ದವರು ಈ ಸಲ ಕರೆಯಲಿಲ್ಲ. ಆ ದಿನ ಮಧ್ಯಾಹ್ನ ಅಮ್ಮ ಒಲೆ ಹಚ್ಚಲಿಲ್ಲ.

ಸ್ಕೋಪಿಯ ತಾರೀಖು ಹತ್ತಿರವಾದಾಗ ಫೋನ್ ಬಂತು.

"ಧನ್ಯ... ಜೊತೇಲಿ ಒಬ್ರು ಇರ್ಲೇಬೇಕಂತೆ. ಮದ್ದು ಬಿದ್ದ ಮೇಲೆ ಇನ್ಯಾಕೆ ಆಸ್ಪತ್ರೆ ಅಂತ ಅವ್ವ ಬರಲ್ಲ ಅಂತವ್ಳೆ."

"ಮದ್ದು ಬಿತ್ತಲ್ಲ, ವಾಸಿ ಆಗಿಲ್ವಾ?"

"ನೆನ್ನೆನೂ ರಕ್ತ ಹೋಯ್ತು."

ಅವಳು ಕಣ್ಣು ಮುಚ್ಚಿದಳು. 'ಬಿಡು, ಅವನ ಹಣೆಬರಹ' ಎನ್ನಿಸಿತು. ಮರುಕ್ಷಣ ಆ ನೀರಿನ ಸದ್ದು ನೆನಪಾಯಿತು.

"ಬರ್ತೀನಿ. ನೋಡ್ಕೊಳ್ಳೋಕೆ ಒಂದು ಜನ ಬೇಕಲ್ಲ, ಅದಕ್ಕೆ. ಹೆಂಡ್ತಿ ಅಂತ ಅಲ್ಲ. ಮುಗಿದ ಮೇಲೆ ನಮ್ಮೂರಲ್ಲಿ ಇಳ್ಕೋತೀನಿ."

"ಆಯ್ತು," ಎಂದ ಅವನು.

ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರ ನಡುವೆ ಅವಳ ಬ್ಯಾಗು ಕೂತಿತ್ತು. ಕರುಳು ತೊಳೆಯುವ ನೀರು ಕುಡಿದು ಕುಡಿದು ಅವನ ಕಣ್ಣು ಗುಳಿಬಿದ್ದಿದ್ದವು. ನೋಡಬಾರದು ಎಂದುಕೊಂಡರೂ ನೋಡುತ್ತಲೇ ಇದ್ದಳು.

"ಸಹಿ ಹಾಕಿ," ಎಂದಳು ನರ್ಸ್. "ನೀವು ಇವ್ರಿಗೆ ಏನಾಗ್ಬೇಕು?"

ಧನ್ಯಶ್ರೀ ತಡವರಿಸಿದಳು. "...ಹೆಂಡ್ತಿ."

ಅವನು ತಲೆ ಎತ್ತಿ ನೋಡಿದ. ನರ್ಸ್ ಹೋದ ಮೇಲೆ ತಾನಾಗಿಯೇ ಹೇಳತೊಡಗಿದ.

"ಅವತ್ತು ನಾನು ಆ ಮುದುಕಪ್ಪನ ಹತ್ರ ಹೋಗದೆ ಇದ್ರೆ, ನಿಮ್ಮಮ್ಮನ್ನ ದೇವಸ್ಥಾನದ ಮುಂದೆ ನಿಲ್ಸಿ ಆಣೆ ಮಾಡಿಸ್ತೀನಿ ಅಂದ್ಲು ಅವ್ವ. ಜನ ಸೇರ್‍ಸೋಕೂ ಹೊರಟಿದ್ಲು. ಒಂದು ಲೋಟ ಸೊಪ್ಪಿನ ರಸ ಕುಡಿದ್ರೆ ಅದು ತಪ್ಪತ್ತಲ್ಲ ಅಂತ ಹೋದೆ. ಅಲ್ಲಿ ಆ ಗಂಟು ತೋರಿಸ್ತಾರೆ ಅಂತ ನನಗೇನು ಗೊತ್ತಿತ್ತು..."

ತಪ್ಪಿಸಲು ಹೋಗಿ, ಇಲ್ಲದ ಸಾಕ್ಷಿ ತಾನೇ ತಂದುಕೊಟ್ಟಿದ್ದ!

"ಹೋಗಿದ್ದಕ್ಕೆ ನಾನು ಬಿಟ್ಟು ಬಂದಿಲ್ಲ ರೀ. ಅಂಗಳದಲ್ಲಿ ಯಾಕೆ ಸುಮ್ನೆ ನಿಂತ್ರಿ?"

ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ.

"ಒಂದು ಗಳಿಗೆ... ನನಗೂ ಆಸೆ ಆಯ್ತು ಧನ್ಯ. ಮದ್ದೇ ಆಗಿರಲಿ ಅಂತ."

"ಅಂದ್ರೆ? ನಮ್ಮಮ್ಮ ನಿಮ್ಗೆ ವಿಷ ಹಾಕಿರಲಿ ಅಂತಾನಾ?"

"ಹೂಂ. ಮದ್ದಾದ್ರೆ ವಾಂತೀಲಿ ಬಿದ್ದು ಹೋಗತ್ತೆ. ಕಾಯಿಲೆ ಆದ್ರೆ ಸಾಯೋವರ್ಗೂ ನನ್ ಜೊತೇಲೇ ಇರತ್ತೆ. ನಂಬಲಿಲ್ಲ ಕಣೇ... ನಂಬೋಕೆ ಆಸೆಪಟ್ಟೆ. ಅದಕ್ಕೇ ನಿನ್ನ ಮುಖ ನೋಡೋಕಾಗ್ಲಿಲ್ಲ."

ಸುಳ್ಳು ಹೇಳಬಹುದಿತ್ತಲ್ಲ! ಸುಸ್ತಾಗಿತ್ತು, ಮಾತು ಹೊರಡಲಿಲ್ಲ ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳು. ಎದ್ದು ಕಿಟಕಿಯ ಹತ್ತಿರ ಹೋದಳು. ಅವಳಿಗೆ ಅವನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಿದ್ದರು. ಬೆಂಚಿನ ಮೇಲೆ ಅವನ ಚಪ್ಪಲಿ ಇರಿಸಿದ್ದ ಪ್ಲಾಸ್ಟಿಕ್ ಚೀಲ ಮಾತ್ರ ಇತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಡಾಕ್ಟರು ಅವಳೊಬ್ಬಳನ್ನೇ ಕರೆದರು. ಪರದೆಯ ಮೇಲೆ ಕೆಂಪು ಗೋಡೆ, ಅದರ ತುಂಬ ಹುಣ್ಣು.

"ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲಿ ಜಾಸ್ತಿ ಇದೆ. ಕರುಳಿನ ಟಿ.ಬಿ. ಇರಬಹುದು. ಇಲ್ಲಾ ಕ್ರೋನ್ಸ್ ಅನ್ನೋ ಕಾಯಿಲೆ ಇರಬಹುದು. ನೋಡೋಕೆ ಎರಡೂ ಒಂದೇ ಥರ. ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದೀವಿ. ಮುಂದಿನ ವಾರ ಬನ್ನಿ."

"ಸರ್... ಯಾವುದು ವಾಸಿಯಾಗತ್ತೆ?"

"ಟಿ.ಬಿ. ಆದ್ರೆ ಕೆಲವು ತಿಂಗಳು ಮಾತ್ರೆ ತಗೊಂಡ್ರೆ ಸಾಮಾನ್ಯವಾಗಿ ಗುಣ ಆಗತ್ತೆ. ಕ್ರೋನ್ಸ್ ಆದ್ರೆ ಹತೋಟಿಯಲ್ಲಿ ಇಟ್ಕೋಬೇಕು, ಅಷ್ಟೇ. ಜೀವನಪೂರ್ತಿ."

ಹೊರಗೆ ಬಂದು ಗೋಡೆಗೆ ಒರಗಿದಳು. 'ಟಿ.ಬಿ. ಇರಲಪ್ಪ... ದೇವರೇ, ಟಿ.ಬಿ.ನೇ ಇರಲಿ...'

ತುಟಿ ಗಕ್ಕನೆ ನಿಂತಿತು.

ಏನು ಬೇಡಿಕೊಳ್ಳುತ್ತಿದ್ದಾಳೆ ತಾನು? ಗಂಡನಿಗೆ ಕ್ಷಯ ಬರಲಿ ಎಂದೇ? ಕೊನೆಯಿರುವ ಯಾವುದಾದರೂ ಆಗಲಿ, ಎಷ್ಟು ಕೆಟ್ಟದ್ದಾದರೂ ಆಗಲಿ ಎಂದೇ? ಅವನೂ ಅದನ್ನೇ ತಾನೆ ಬೇಡಿದ್ದು...

ಆದರೂ ಒಂದು ವ್ಯತ್ಯಾಸವಿತ್ತು. ಅವಳ ಬೇಡಿಕೆಗೆ ಯಾರ ಮಾನವೂ ಹೋಗಿರಲಿಲ್ಲ. ಅವನದಕ್ಕೆ ಅವಳ ಅಮ್ಮನ ಮಾನ ಹೋಗಿತ್ತು. ಅರ್ಥವಾಯಿತು. ಕ್ಷಮಿಸಲು ಮಾತ್ರ ಇನ್ನೂ ಆಗಲಿಲ್ಲ.

ಬಸ್ಸಿನಲ್ಲಿ ಟಾಯ್ಲೆಟ್ ಇರುವುದಿಲ್ಲವೆಂದು ರೈಲು ಹತ್ತಿದರು. ಗುಬ್ಬಿ ದಾಟಿದ ಮೇಲೆ ಅವಳು ಡಾಕ್ಟರು ಹೇಳಿದ್ದೆಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಕೊನೆಗೆ, "ಟಿ.ಬಿ. ಇರಲಿ ಅಂತ ನಾನೂ ಬೇಡ್ಕೊಂಡೆ ರೀ," ಎಂದಳು.

ಅವನ ಕಣ್ಣಿನಲ್ಲಿ ನೀರು ತುಂಬಿತು. "ನನ್ನ ಥರಾನೇ ಆಗ್ಬಿಟ್ಯಲ್ಲೇ..."

"ಇಲ್ಲ. ನಾನು ತಪ್ಪನ್ನ ನಿಮ್ಮ ಅವ್ವನ ಮೇಲೆ ಹಾಕ್ಲಿಲ್ಲ."

ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ಕಿಟಕಿಯ ಕಡೆ ಮುಖ ತಿರುಗಿಸಿದ.

ಅಮ್ಮಸಂದ್ರ ಬಂತು. ಅವಳು ಬ್ಯಾಗು ತೆಗೆದುಕೊಂಡು ಇಳಿದಳು. ಅವನು ತಿಪಟೂರಿನಲ್ಲಿ ಇಳಿಯಬೇಕು. ತಿರುಗಿ ನೋಡಬಾರದೆಂದು ಹೆಜ್ಜೆ ಹಾಕುತ್ತಿದ್ದವಳಿಗೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು.

"ನೀವ್ಯಾಕೆ ಇಳಿದ್ರಿ!"

"ಹಸಿವಾಗಿದೆ," ಎಂದ ದಯಾನಂದ್. ರೈಲು ಹೊರಟಿತ್ತು. "ನೆನ್ನೆಯಿಂದ ಏನೂ ತಿಂದಿಲ್ಲ. ಮೊದಲ ತುತ್ತು ನಿಮ್ಮಮ್ಮನ ಕೈಲಿ ತಿನ್ಬೇಕು."

ಆಟೋದಲ್ಲಿ ಮನೆ ಮುಟ್ಟಿದಾಗ ವನಜಾಕ್ಷಿ ಅಂಗಳದಲ್ಲಿ ಸೋಗೆ ಒಟ್ಟುತ್ತಿದ್ದಳು. ಅಳಿಯನನ್ನು ಕಂಡು ಸೆರಗು ಹೊದ್ದಳು. "ಬನ್ನಿ" ಎಂದಳು. ಅಷ್ಟೇ.

"ಅತ್ತೆ, ಉಣ್ಣೋಕೆ ಬಂದೆ."

ಅವಳ ಮುಖ ಕಳೆಗುಂದಿತು. "ಬೇಡ ಕಣಪ್ಪ. ಧನ್ಯ ಮಾಡಿ ಬಡಿಸ್ಲಿ. ನಾನು ಒಲೆ ಹತ್ರ ಹೋಗಲ್ಲ."

"ನೀವೇ ಇಕ್ಬೇಕು."

ವನಜಾಕ್ಷಿ ಮೆತ್ತಗೆ ಅನ್ನ ಬೇಯಿಸಿದಳು. ಕಿವುಚಿ, ಉಪ್ಪು ಹಾಕಿ, ತಿಳಿ ಮಜ್ಜಿಗೆ ಬೆರೆಸಿದಳು. ತಟ್ಟೆಯನ್ನು ತಂದು ಅವನ ಮುಂದಿಡಲು ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಎದುರಿಗೆ ಕೂತು, ತಟ್ಟೆಯನ್ನು ತನ್ನ ಮುಂದೆಯೇ ಇಟ್ಟುಕೊಂಡಳು.

"ಇರಪ್ಪ. ಮೊದ್ಲು ನಾನು ಉಣ್ತೀನಿ. ನೀನು ಕಣ್ಣಾರೆ ನೋಡು. ಆಮೇಲೆ ನಿನಗೆ ಬೇರೆ ತಟ್ಟೇಲಿ ಹಾಕ್ತೀನಿ."

ಒಂದು ತುತ್ತು ಬಾಯಿಗಿಟ್ಟು, ಅದನ್ನು ನುಂಗಲಾರದೆ ನುಂಗಿದಳು.

ಧನ್ಯಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಕೈ ತುಂಬ ಬಡಿಸುತ್ತಿದ್ದ ಅಮ್ಮ ತನ್ನ ಅನ್ನಕ್ಕೆ ತಾನೇ ಜಾಮೀನು ನಿಲ್ಲುತ್ತಿದ್ದಳು!

ದಯಾನಂದ್ ಬಗ್ಗಿ ಆ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡ.

"ಅಯ್ಯೋ, ಎಂಜಲಾಗೈತೆ ಕಣಪ್ಪ!"

"ಆಗ್ಲಿ ಅತ್ತೆ."

ಅವನು ಉಂಡ. ತಲೆ ಎತ್ತದೆ, ಕಣ್ಣೀರು ಒರೆಸಿಕೊಳ್ಳದೆ ಉಂಡ. ನಡುವೆ ಫೋನ್ ರಿಂಗಾಯಿತು. ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟ.

"ಎಲ್ಲಿದ್ದೀಯಾ ಮಗ? ಹೊತ್ತಾಯ್ತು," ಹೊಂಬಾಳಮ್ಮನ ದನಿ.

"ಬೀಗರ ಮನೇಲಿ ಅವ್ವ. ಉಣ್ತಾ ಇದೀನಿ."

"...ಯಾರು ಇಕ್ಕುದ್ರು?"

"ಅತ್ತೆ ಇಕ್ಕುದ್ರು. ನನ್ನ ಕರುಳಲ್ಲಿ ಹುಣ್ಣಾಗೈತೆ ಅವ್ವ, ಇವತ್ತು ಡಾಕ್ಟ್ರು ನೋಡವ್ರೆ. ಅದು ಯಾರೂ ಇಕ್ಕಿದ್ದಲ್ಲ. ಅವತ್ತು ಅಂಗಳದಲ್ಲಿ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾಳೆ ಬಂದು ರಂಗಕ್ಕನ ಮುಂದೇನೂ ಹೇಳ್ತೀನಿ."

"ಅಂಗಾರೆ ಅಲ್ಲೇ ಇರು!" ಫೋನ್ ಕಟ್ಟಾಯಿತು.

ವನಜಾಕ್ಷಿ ಎದ್ದು ಒಳಗೆ ಹೋದಳು. ಅಳುವಿನ ಸದ್ದು ಹೊರಗೆ ಬರಲಿಲ್ಲ.

ಅವನು ಕೈ ತೊಳೆದು ಹಿತ್ತಲ ಮೆಟ್ಟಿಲಿನ ಮೇಲೆ ಕೂತ. ಧನ್ಯಶ್ರೀ ಸ್ವಲ್ಪ ದೂರ ಬಿಟ್ಟು ಕೂತಳು. ಆಮೇಲೆ ಹತ್ತಿರ ಸರಿದು ಕೂತಳು.

"ಕ್ರೋನ್ಸ್ ಅಂತ ಬಂದ್ರೆ ಏನ್ ಮಾಡೋದು ಧನ್ಯ?"

"ಗೊತ್ತಿಲ್ಲ ರೀ. ನನಗೂ ಭಯ ಇದೆ."

"ಬಿಟ್ಟು ಹೋಗ್ತೀಯಾ?"

"ಕಾಯಿಲೆಗೆ ಬಿಡಲ್ಲ. ನೀವು ಮತ್ತೆ ಸುಮ್ನಾದ್ರೆ ಬಿಡ್ತೀನಿ."

ಅವನು ನಿಧಾನವಾಗಿ ತಲೆಯಾಡಿಸಿದ. ಉಸಿರು ಬಿಗಿಹಿಡಿದು ಹೇಳಿದ.

"ಈಗ ನೋವಾಗ್ತಾ ಇದೆ."

ಅವಳು ತಿರುಗಿದಳು. "ಎಲ್ಲಿ?"

ಅವನು ಅವಳ ಕೈ ಹಿಡಿದು ಹೊಟ್ಟೆಯ ಬಲಗಡೆ, ಕೆಳಗೆ ಇಟ್ಟುಕೊಂಡ. ಅಂಗಿಯೊಳಗೆ ಬೆಚ್ಚಗೆ ಏನೋ ಹಿಂಡುತ್ತಿತ್ತು.

"ತುಂಬಾನಾ?"

"ತುಂಬಾ."

"ಕೈ ತೆಗೀಲಾ?"

"ಬೇಡ."